ಮುಂದೂಡಿದ ತಪಾಸಣೆಗೆ ಮರಳಿ ಕರೆಯುವವರು ಯಾರು?

ಜ್ವರ ಬಂದವರು ತಾವಾಗಿಯೇ ಆಸ್ಪತ್ರೆಗೆ ಹೋಗುತ್ತಾರೆ. ಹೆರಿಗೆ ನೋವು ಕಾಣಿಸಿಕೊಂಡರೆ ಮನೆಯವರು ಗಾಡಿ ಹುಡುಕುತ್ತಾರೆ. ಆದರೆ ನೋವಿಲ್ಲದ, ಜ್ವರವಿಲ್ಲದ, ಬೆಳಗಿನಿಂದ ಸಂಜೆಯವರೆಗೆ ಅರಿಶಿನದ ಹೊಲದಲ್ಲಿ ಕಳೆ ಕೀಳುವ ಹೆಂಗಸು ಆಸ್ಪತ್ರೆಗೆ ಏಕೆ ಹೋಗಬೇಕು? ಗುಂಡ್ಲುಪೇಟೆ ಕಡೆಯ ಯಾವುದೇ ಹಳ್ಳಿಯಲ್ಲಿ ನಲವತ್ತು ದಾಟಿದ ಗೃಹಿಣಿಯೊಬ್ಬರಿಗೆ ಕ್ಯಾನ್ಸರ್ ತಪಾಸಣೆಯ ಮಾತು ಹೇಳಿ ನೋಡಿ. 'ನಂಗೇನಾಗಿದ್ದು? ಗುಂಡುಕಲ್ಲಂಗಿವ್ನಿ ಕನವ್ವ' ಎಂಬ ಉತ್ತರ ಸಿದ್ಧವಾಗಿರುತ್ತದೆ.

ತಪಾಸಣೆ ಇರುವುದು ಇಂತಹ ಗುಂಡುಕಲ್ಲಿನಂಥವರಿಗಾಗಿಯೇ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ವೈದ್ಯರು ಮಾಡುವುದು ರೋಗಪತ್ತೆ. ಲಕ್ಷಣ ಕಾಣಿಸಿಕೊಳ್ಳುವ ಮುಂಚೆಯೇ, ಆರೋಗ್ಯವಾಗಿರುವಂತೆ ತೋರುವವರಲ್ಲಿ ಹುಡುಕುವುದು ತಪಾಸಣೆ. ಎರಡನ್ನೂ ನಾವು ಮಾತಿನಲ್ಲಿ 'ಚೆಕಪ್' ಎಂದುಬಿಡುತ್ತೇವೆ. ಕೊರೊನಾ ಕಾಲದಲ್ಲಿ ಈ ಎರಡರ ನಡುವಿನ ವ್ಯತ್ಯಾಸವೇ ಹೆಣ್ಣುಮಕ್ಕಳಿಗೆ ದುಬಾರಿಯಾಯಿತು. ಆ ನಷ್ಟವನ್ನು ನಾವಿನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ಈ ಲೇಖನದ ತಕರಾರು.

2020ರ ಮಾರ್ಚ್ 25ರಂದು ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದದ್ದು ನಿಮಗೆ ನೆನಪಿರಬಹುದು. ಮೂರು ವಾರಗಳ ನಂತರ, ಏಪ್ರಿಲ್ 14ರಂದು, ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಒಂದು ಮಾರ್ಗಸೂಚಿ ಕಳಿಸಿತು. ಯಾವ ಆರೋಗ್ಯ ಸೇವೆ ನಿಲ್ಲಬಾರದು, ಯಾವುದನ್ನು ಮುಂದೂಡಬಹುದು ಎಂಬ ವಿವರ ಅದರಲ್ಲಿತ್ತು. ಹೆರಿಗೆ, ಮಕ್ಕಳ ಲಸಿಕೆ, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ ಇವೆಲ್ಲ ನಡೆಯಬೇಕಾದ ಪಟ್ಟಿಯಲ್ಲಿದ್ದವು. ಊರೂರಿನಲ್ಲಿ ನಡೆಸುವ ದೀರ್ಘಕಾಲದ ಕಾಯಿಲೆಗಳ ತಪಾಸಣೆ, ಪ್ರಚಾರ ಕಾರ್ಯಕ್ರಮ, ಗ್ರಾಮ ಆರೋಗ್ಯ ಸಮಿತಿಗಳ ಸಭೆ ಇವು ನಿರ್ಬಂಧ ತೆರವಾದ ಮೇಲೆ ಮಾಡಬಹುದಾದ ಪಟ್ಟಿಯಲ್ಲಿದ್ದವು.

ಆ ಹೊತ್ತಿಗೆ ಆ ನಿರ್ಧಾರ ತಪ್ಪೆಂದು ಹೇಳಲಾಗದು. ಲಸಿಕೆ ಇರಲಿಲ್ಲ, ಮುಖಗವಸಿಗೂ ಬರವಿತ್ತು. ಆರೋಗ್ಯವಂತ ಹೆಂಗಸರನ್ನು ಒಂದೇ ಕೋಣೆಯ ಮುಂದೆ ಸಾಲಾಗಿ ಕೂರಿಸುವುದು ಜಾಣತನವಾಗುತ್ತಿರಲಿಲ್ಲ. ನನ್ನ ತಕರಾರು ಬೇರೆ. ಮುಂದೂಡಿದ್ದು ಸರಿ, ಎಂದಿಗೆ? ಹಿಂದೊಮ್ಮೆ ನಮ್ಮ ಊರುಗಳಲ್ಲಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಲ್ಲ, ಹಾಗಾಯಿತು ಇದು. ಆ ಬರಹ ದೆವ್ವವನ್ನು ತಡೆಯಿತೋ ಇಲ್ಲವೋ, ತಪಾಸಣೆಯನ್ನಂತೂ ಬಾಗಿಲಲ್ಲೇ ನಿಲ್ಲಿಸಿತು.

ಹಸಿರು ಜಿಲ್ಲೆಯ ಪಾಡು

ಚಾಮರಾಜನಗರದ ಕತೆ ಇನ್ನೂ ವಿಚಿತ್ರ. 2020ರಲ್ಲಿ ಕರ್ನಾಟಕದ ಉಳಿದೆಲ್ಲ ಜಿಲ್ಲೆಗಳಲ್ಲಿ ಕೊರೊನಾ ಕಾಣಿಸಿಕೊಂಡರೂ ಜೂನ್ ಆರಂಭದವರೆಗೆ ಈ ಜಿಲ್ಲೆಯಲ್ಲಿ ಒಂದೂ ಪ್ರಕರಣ ಇರಲಿಲ್ಲ. ಅಕ್ಕಪಕ್ಕದಲ್ಲಿ ಕೇರಳ, ತಮಿಳುನಾಡು, ಮೈಸೂರು ಎಲ್ಲವೂ ಸೋಂಕಿನಲ್ಲಿದ್ದಾಗ ಇದು ಹಸಿರು ವಲಯ. ಪತ್ರಿಕೆಗಳೆಲ್ಲ ಹೊಗಳಿ ಬರೆದವು. ಹೊಗಳಿಕೆಗೆ ಜಿಲ್ಲೆ ಅರ್ಹವೂ ಆಗಿತ್ತು.

ಆದರೆ ಈ ಜಿಲ್ಲೆಯ ಹೆಂಗಸಿನ ಆರೋಗ್ಯ ಜಿಲ್ಲೆಯ ಗಡಿಯೊಳಗೇ ಮುಗಿಯುವುದಿಲ್ಲ. ಎದೆಯಲ್ಲಿ ಗಂಟು ಕಂಡರೆ, ಗರ್ಭಕೋಶದ ತೊಂದರೆ ಎಂದರೆ, 'ಮೈಸೂರಿಗೆ ಹೋಗಿ' ಎಂಬ ಚೀಟಿ ಕೈಗೆ ಬರುತ್ತದೆ. ಅಲ್ಲಿಯೂ ಆಗದಿದ್ದರೆ ಬೆಂಗಳೂರಿನ ಕಿದ್ವಾಯಿ. ಚಾಮರಾಜನಗರದಿಂದಲೂ ಗುಂಡ್ಲುಪೇಟೆಯಿಂದಲೂ ಮೈಸೂರು ಸುಮಾರು 60 ಕಿಲೋಮೀಟರ್. ಎರಡು ರಸ್ತೆಗಳೂ ಸೇರುವುದು ನಂಜನಗೂಡಿನಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ಅಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಸೋಂಕು ಹರಡಿ, ನಂಜನಗೂಡು ರಾಜ್ಯದಲ್ಲೇ ಅತಿ ಹೆಚ್ಚು ಭಯ ಹುಟ್ಟಿಸಿದ ಊರುಗಳಲ್ಲೊಂದಾಯಿತು. ಚಾಮರಾಜನಗರದಿಂದ ಮೈಸೂರಿಗೆ ಹೋಗುವ ರೈಲೂ ಅದೇ ಊರಿನ ಮೇಲೆ ಹೋಗಬೇಕು. ಆ ರೈಲೂ ನಿಂತಿತು. ಸಾರಿಗೆ ಬಸ್ಸುಗಳು ರಾಜ್ಯದೊಳಗೆ ಮತ್ತೆ ಓಡಾಡತೊಡಗಿದ್ದು ಮೇ 19ರಿಂದ. ಅಂದರೆ ಸೋಂಕೇ ಇಲ್ಲದ ಜಿಲ್ಲೆಯ ಹೆಂಗಸಿಗೂ ಪರೀಕ್ಷೆಯ ದಾರಿ ಮುಚ್ಚಿತ್ತು.

ಎರಡನೆಯ ಅಲೆಯ ಹೊತ್ತಿಗೆ ಹಸಿರು ಬಣ್ಣ ಅಳಿಸಿಹೋಗಿತ್ತು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಜನ ಮೃತಪಟ್ಟ ದುರಂತವನ್ನು, ಆಮ್ಲಜನಕದ ಕೊರತೆಯ ಆ ರಾತ್ರಿಯನ್ನು, ಈ ಜಿಲ್ಲೆಯ ಯಾರೂ ಮರೆತಿಲ್ಲ. ಆ ನಂತರದ ದಿನಗಳಲ್ಲಿ 'ಸುಮ್ಮನೆ ಒಮ್ಮೆ ಪರೀಕ್ಷೆ ಮಾಡಿಸಿಕೊಂಡು ಬರೋಣ' ಎಂದು ಆಸ್ಪತ್ರೆಯ ಮೆಟ್ಟಿಲು ಹತ್ತಲು ಯಾರಿಗೆ ಮನಸ್ಸು ಬಂದೀತು? ಅದೇ ವರ್ಷ ಜೂನ್ 21ರ ಬಳಿಕ ರಾಜ್ಯದ ಬಹುತೇಕ ಕಡೆ ನಿರ್ಬಂಧ ಸಡಿಲವಾದಾಗಲೂ ಸೋಂಕು ಇಳಿಯದ ಮೈಸೂರಿನಲ್ಲಿ ಬಿಗಿ ಮುಂದುವರಿಯಿತು. ಜಿಲ್ಲೆಯ ಬಾಗಿಲು ತೆರೆದರೂ ಮೈಸೂರಿನ ಬಾಗಿಲು ಅರ್ಧ ಮುಚ್ಚಿಯೇ ಇತ್ತು.

ಇನ್ನು ಹಳ್ಳಿಯ ಮಟ್ಟದಲ್ಲಿ ತಪಾಸಣೆಗೆ ಕರೆಯಬೇಕಾದವರು ಯಾರು? ಉಪಕೇಂದ್ರದ ನರ್ಸಮ್ಮ ಮತ್ತು ಆಶಾ ಕಾರ್ಯಕರ್ತೆ. ಇಬ್ಬರನ್ನೂ ಕೊರೊನಾ ಕೆಲಸಕ್ಕೆ ಹಚ್ಚಲಾಯಿತು. ಹೊರ ಊರಿನಿಂದ ಬಂದವರ ಪಟ್ಟಿ, ಮನೆಬಾಗಿಲಿಗೆ ಚೀಟಿ ಅಂಟಿಸುವುದು, ಜ್ವರ ಅಳೆಯುವುದು, ಆಮೇಲೆ ಲಸಿಕೆ. ಮೂವತ್ತು ದಾಟಿದವರ ಮನೆಗೆ ಹೋಗಿ ಬೀಡಿ, ಹೊಗೆಸೊಪ್ಪು, ಎದೆಯ ಗಂಟು, ಬಿಳಿಸೆರಗು ಎಂದು ಕೇಳಿ ತುಂಬಬೇಕಾದ ನಮೂನೆಗಳು ಚೀಲದಲ್ಲೇ ಉಳಿದವು. ಸಂಬಳದ ಮಾತಂತೂ ಬೇಡ. 2020ರ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು.

ಅಂಕಿಗಳು ಹೇಳುವುದೇನು?

ದೇಶದ 41 ಕ್ಯಾನ್ಸರ್ ಆಸ್ಪತ್ರೆಗಳ ಲೆಕ್ಕ ತೆಗೆದ ಒಂದು ಅಧ್ಯಯನ 2021ರಲ್ಲಿ 'ಲ್ಯಾನ್ಸೆಟ್ ಆಂಕಾಲಜಿ' ಪತ್ರಿಕೆಯಲ್ಲಿ ಪ್ರಕಟವಾಯಿತು. 2019ರ ಮಾರ್ಚ್‌ನಿಂದ ಮೇ ತಿಂಗಳವರೆಗೆ ಈ ಆಸ್ಪತ್ರೆಗಳಲ್ಲಿ ಹೊಸದಾಗಿ ಹೆಸರು ಬರೆಸಿದ ರೋಗಿಗಳು 1,12,270. ಮರುವರ್ಷ ಅದೇ ಮೂರು ತಿಂಗಳಲ್ಲಿ 51,760. ಶೇ 54ರಷ್ಟು ಇಳಿಕೆ! ದೊಡ್ಡ ಶಸ್ತ್ರಚಿಕಿತ್ಸೆಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ತಪಾಸಣೆಯೋ, ಈ ಆಸ್ಪತ್ರೆಗಳ ಪೈಕಿ ಶೇ 70ಕ್ಕೂ ಹೆಚ್ಚಿನವುಗಳಲ್ಲಿ ಪೂರ್ತಿ ನಿಂತಿತ್ತು, ಇಲ್ಲವೇ ಎಂದಿನ ಕಾಲು ಭಾಗಕ್ಕೂ ಕಡಿಮೆಯಾಗಿತ್ತು. ಇವು ದೊಡ್ಡ ಊರಿನ, ಯಂತ್ರ-ತಜ್ಞರಿದ್ದ ಆಸ್ಪತ್ರೆಗಳು. ಬೇಗೂರು, ತೆರಕಣಾಂಬಿ, ಹಂಗಳದಂತಹ ಊರುಗಳ ಮಾತು ನೀವೇ ಊಹಿಸಿಕೊಳ್ಳಿ.

ಹಾಗೆಂದು ಎಲ್ಲವನ್ನೂ ಕೊರೊನಾದ ತಲೆಗೆ ಕಟ್ಟುವುದು ನ್ಯಾಯವಲ್ಲ. 2019ರಿಂದ 21ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವರ್ಷದ ಹೆಂಗಸರ ಪೈಕಿ ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯನ್ನು ಜೀವನದಲ್ಲಿ ಒಮ್ಮೆಯಾದರೂ ಮಾಡಿಸಿಕೊಂಡವರು ಶೇ 1.9 ಮಾತ್ರ. ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ, ಶೇ 0.9. ಕರ್ನಾಟಕದಲ್ಲಿ ಈ ಸಮೀಕ್ಷೆ ಕೊರೊನಾ ಕಾಲಿಡುವ ಮೊದಲೇ ಮುಗಿದಿತ್ತು. ಅಂದರೆ ಲಾಕ್‌ಡೌನ್ ಮುಚ್ಚಿದ್ದು ಹಾರುಹೊಡೆದ ಬಾಗಿಲನ್ನಲ್ಲ, ಆಗತಾನೆ ಬೆರಳಗಲ ತೆರೆದುಕೊಳ್ಳುತ್ತಿದ್ದ ಬಾಗಿಲನ್ನು. 30ರಿಂದ 65 ವರ್ಷದವರಿಗೆ ಬಾಯಿ, ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಐದು ವರ್ಷಕ್ಕೊಮ್ಮೆ ಆಗಬೇಕೆಂದು ಕೇಂದ್ರ ಸರ್ಕಾರ ನಿಯಮ ರೂಪಿಸಿದ್ದೇ 2016ರಲ್ಲಿ. ಮೊದಲ ಸುತ್ತು ಮುಗಿಯಬೇಕಾದ ಹೊತ್ತಿಗೆ ಸರಿಯಾಗಿ ಕೊರೊನಾ ಬಂತು.

ಕಳೆದುಕೊಂಡ ಆ ಎರಡು ವರ್ಷಗಳಿಂದ ನಿಜವಾಗಿ ಆದ ಹಾನಿ ಎಷ್ಟು? ಇಲ್ಲಿ ಸ್ವಲ್ಪ ವಿವರ ಬೇಕು, ಏಕೆಂದರೆ ಭಯಪಡಿಸುವುದು ಸುಲಭ, ತಿಳಿಸಿ ಹೇಳುವುದು ಕಷ್ಟ.

ಗರ್ಭಕೋಶದ ಬಾಯಿಯ ಭಾಗವನ್ನು ಗರ್ಭಕೊರಳು ಎನ್ನುತ್ತೇವೆ. ಇಲ್ಲಿ ಬರುವ ಕ್ಯಾನ್ಸರಿಗೆ ಬಹುಪಾಲು ಕಾರಣ ಎಚ್‌ಪಿವಿ ಎಂಬ ವೈರಾಣು. ದಾಂಪತ್ಯ ಜೀವನ ಆರಂಭಿಸಿದ ಹೆಚ್ಚಿನವರಿಗೆ ಇದು ಒಂದಲ್ಲ ಒಂದು ಕಾಲದಲ್ಲಿ ತಗಲುತ್ತದೆ, ಹೆಚ್ಚಿನವರಲ್ಲಿ ತಾನಾಗಿಯೇ ಹೋಗುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು, ಯಾರನ್ನೋ ಸಂಶಯಿಸುವಂಥದ್ದು ಏನೂ ಇಲ್ಲ. ಕೆಲವರಲ್ಲಿ ಮಾತ್ರ ವೈರಾಣು ಠಿಕಾಣಿ ಹೂಡಿ, ಜೀವಕೋಶಗಳನ್ನು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಹೀಗೆ ಕೆಟ್ಟದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು-ಹದಿನೈದು ವರ್ಷಗಳೇ ಬೇಕು. ಆ ಇಡೀ ಅವಧಿಯಲ್ಲಿ ಹೆಂಗಸಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಂಡರೆ ಕೆಲವೇ ನಿಮಿಷಗಳ ಚಿಕಿತ್ಸೆಯಲ್ಲಿ ಕ್ಯಾನ್ಸರ್ ಬಾರದಂತೆಯೇ ತಡೆಯಬಹುದು.

ಆದ್ದರಿಂದ, ಮೊದಲಿನಿಂದಲೂ ಕ್ರಮವಾಗಿ ತಪಾಸಣೆ ಮಾಡಿಸಿಕೊಳ್ಳುತ್ತಿದ್ದ ಮೈಸೂರಿನ ಒಬ್ಬ ಶಿಕ್ಷಕಿಗೆ 2020ರ ಪರೀಕ್ಷೆ 2022ಕ್ಕೆ ಹೋದರೆ ಅಂಥ ಅಪಾಯವೇನಿಲ್ಲ. ಆದರೆ ಚಾಮರಾಜನಗರ ತಾಲ್ಲೂಕಿನ 48ರ ಕೂಲಿ ಹೆಂಗಸಿಗೆ 2020ರದ್ದು ಜೀವನದ ಮೊದಲ ತಪಾಸಣೆಯಾಗುವುದಿತ್ತು. ಅದು ತಪ್ಪಿದ ಮೇಲೆ ಮತ್ತೆ ಯಾರೂ ಕರೆಯದಿದ್ದರೆ ಆಕೆಗೆ ತಪ್ಪಿದ್ದು ಒಂದು ಸುತ್ತಲ್ಲ, ಇದ್ದ ಒಂದೇ ಅವಕಾಶ. ಒಂದೇ ಲಾಕ್‌ಡೌನ್ ಇಬ್ಬರಿಗೆ ಬೇರೆ ಬೇರೆ ಅಳತೆಯಲ್ಲಿ ಸುಂಕ ವಿಧಿಸಿತು.

ಸ್ತನ ಕ್ಯಾನ್ಸರಿಗೆ ಇಷ್ಟು ತಾಳ್ಮೆಯಿಲ್ಲ. ಗಂಟು ಕೈಗೆ ಸಿಕ್ಕ ಮೇಲೆ ವಾರಗಳನ್ನು ಎಣಿಸಬೇಕು. ಶಸ್ತ್ರಚಿಕಿತ್ಸೆ ನಾಲ್ಕು ವಾರ ತಡವಾದಂತೆಲ್ಲ ಸಾವಿನ ಅಪಾಯ ಶೇ 6ರಿಂದ 8ರಷ್ಟು ಏರುತ್ತದೆ ಎಂದು, ಹಲವು ಬಗೆಯ ಕ್ಯಾನ್ಸರುಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವರದಿಯೊಂದು 2020ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 'ಲಾಕ್‌ಡೌನ್ ಮುಗಿಯಲಿ ಹೋಗೋಣ' ಎಂದು ಗಂಟನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡವರಿಗೆ ಆದ ನಷ್ಟವೇ ಎಲ್ಲಕ್ಕಿಂತ ದೊಡ್ಡದು. ಚಿಕಿತ್ಸೆ ನಿಂತಿಲ್ಲ, ಬನ್ನಿ ಎಂದು ಅವರಿಗೆ ಕೂಗಿ ಹೇಳುವವರು ಬೇಕಿತ್ತು. ಅಂದು ಧ್ವನಿವರ್ಧಕದಲ್ಲಿ ಕೇಳಿಸುತ್ತಿದ್ದುದು 'ಮನೆಯಲ್ಲೇ ಇರಿ' ಎಂಬುದೊಂದೇ.

ಬಾಯಿಯ ಕ್ಯಾನ್ಸರನ್ನೂ ಮರೆಯುವಂತಿಲ್ಲ. ಇದು ಗಂಡಸರ ರೋಗವೆಂಬ ಭಾವನೆ ಇದೆ. ಎಲೆ-ಅಡಿಕೆಯ ಜೊತೆ ಹೊಗೆಸೊಪ್ಪು, ಕಡ್ಡಿಪುಡಿ ಹಾಕುವ ಅಜ್ಜಿಯಂದಿರು ನಿಮ್ಮ ಮನೆಯಲ್ಲಿದ್ದರೆ ಅವರ ಬಾಯೊಳಗೊಮ್ಮೆ ಬೆಳಕು ಬಿಟ್ಟು ನೋಡಿ. ಬಿಳಿ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಆರದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು ಇವನ್ನು ಗುರುತಿಸಲು ಯಂತ್ರ ಬೇಡ. ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದ ಕೊರೊನಾ ವರ್ಷಗಳಲ್ಲಿ ಈ ಪರೀಕ್ಷೆ ಮೊದಲು ನಿಂತದ್ದು ಸಹಜವೇ.

'ಆಪರೇಷನ್' ಆದ ಮೇಲೆ ಕೇಳುವವರಿಲ್ಲ

ನಮ್ಮ ಆರೋಗ್ಯ ವ್ಯವಸ್ಥೆಯ ಕಣ್ಣಿಗೆ ಹೆಣ್ಣು ಕಾಣುವುದು ಬಸುರಿಯಾದಾಗ. ಆಗ ತಾಯಿ ಕಾರ್ಡ್ ಬರುತ್ತದೆ, ಅದರಲ್ಲಿ ಮುಂದಿನ ತಪಾಸಣೆಯ ತಾರೀಖು ಬರೆದಿರುತ್ತದೆ. ತಪ್ಪಿಸಿದರೆ ಆಶಾ ಮನೆಗೆ ಬಂದು ಗದರುತ್ತಾಳೆ. ಹೆರಿಗೆಯಾದ ಮೇಲೂ ಮಗುವಿನ ಲಸಿಕೆಗೆ ಕರೆ ಬರುತ್ತದೆ. ಎರಡು ಮಕ್ಕಳಾಗಿ ಸಂತಾನಹರಣದ 'ಆಪರೇಷನ್' ಆಯಿತೆನ್ನಿ, ಅಲ್ಲಿಗೆ ಲೆಕ್ಕ ಚುಕ್ತಾ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಂಗಸರು ಮೂವತ್ತು ತುಂಬುವುದರೊಳಗೇ ಈ ಹಂತ ದಾಟಿರುತ್ತಾರೆ. ಕ್ಯಾನ್ಸರ್ ತಪಾಸಣೆ ಶುರುವಾಗಬೇಕಾದ್ದು ಮೂವತ್ತಕ್ಕೆ! ವ್ಯವಸ್ಥೆ ಕೈಬಿಡುವ ವಯಸ್ಸೂ, ಕೈಹಿಡಿಯಬೇಕಾದ ವಯಸ್ಸೂ ಒಂದೇ ಆಗಿಬಿಟ್ಟಿದೆ. 'ಆಪರೇಷನ್ ಆಗಿದೆ, ಇನ್ನು ಗರ್ಭಕೋಶದ ಚಿಂತೆಯಿಲ್ಲ' ಎಂದು ನಂಬಿರುವವರೂ ಇದ್ದಾರೆ. ಸಂತಾನಹರಣದ ಶಸ್ತ್ರಚಿಕಿತ್ಸೆಗೂ ಗರ್ಭಕೊರಳಿನ ಕ್ಯಾನ್ಸರಿಗೂ ಯಾವ ಸಂಬಂಧವೂ ಇಲ್ಲ. ಮುಟ್ಟು ನಿಂತವರಿಗೂ ತಪಾಸಣೆ ಬೇಕು.

ಹೆಸರು ಹಿಡಿದು ಕರೆಯುವುದು ನಮಗೆ ಬಾರದ ವಿದ್ಯೆಯೇನಲ್ಲ. 2021ರಲ್ಲಿ ಕೊರೊನಾ ಲಸಿಕೆಯ ಎರಡನೆಯ ಡೋಸ್ ಯಾರಿಗೆ ಬಾಕಿ ಇದೆ ಎಂಬ ಪಟ್ಟಿ ಇತ್ತು. ಮೊಬೈಲಿಗೆ ಸಂದೇಶ ಬರುತ್ತಿತ್ತು, ಹೊಲದ ಬದುವಿಗೇ ಹೋಗಿ ಲಸಿಕೆ ಹಾಕಿ ಬಂದರು. ಅದೇ ಕೈಗಳು, ಅದೇ ಪಟ್ಟಿಯ ಪದ್ಧತಿ ಈ ಕೆಲಸಕ್ಕೂ ಸಾಕು. ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ 30 ದಾಟಿದ ಹೆಂಗಸರ ಹೆಸರಿನ ಒಂದು ಪುಸ್ತಕ ಇರಬೇಕು. ಯಾರಿಗೆ ಯಾವಾಗ ತಪಾಸಣೆಯಾಯಿತು, ಯಾರಿಗೆ ಇನ್ನೂ ಆಗಿಲ್ಲ, ಯಾರಲ್ಲಿ ತೊಂದರೆ ಕಂಡಿತು, ಅವರು ಮೈಸೂರಿಗೆ ಹೋದರೋ ಇಲ್ಲವೋ ಎಂಬುದು ಅದರಲ್ಲಿ ಇರಬೇಕು. ಮುಂದೊಮ್ಮೆ ಇಂತಹದೇ ಸಾಂಕ್ರಾಮಿಕ ಬಂದು ತಪಾಸಣೆ ನಿಲ್ಲಿಸಬೇಕಾಗಿ ಬಂದರೆ, ನಿಲ್ಲಿಸುವ ಆದೇಶದಲ್ಲೇ ಮತ್ತೆ ಆರಂಭಿಸುವ ಗಡುವೂ ಇರಬೇಕು. 2024ರಲ್ಲಿ ಕೋಲಾರದಿಂದ ಆರಂಭವಾದ ರಾಜ್ಯದ 'ಗೃಹ ಆರೋಗ್ಯ' ಯೋಜನೆ ಮನೆಮನೆಗೆ ಹೋಗುವ ಮಾತಾಡುತ್ತಿದೆ. ಒಳ್ಳೆಯದೇ. ಆದರೆ ಮನೆಬಾಗಿಲಲ್ಲಿ ರಕ್ತದೊತ್ತಡ ಅಳೆಯಬಹುದು, ಗರ್ಭಕೊರಳನ್ನು ನೋಡಲಾಗದು. ಅದಕ್ಕೆ ಪರದೆ, ಮಂಚ, ಬೆಳಕು, ತರಬೇತಾದ ಹೆಣ್ಣು ಸಿಬ್ಬಂದಿ ಇರುವ ಒಂದು ಕೋಣೆ ಬೇಕೇ ಬೇಕು.

ಶಿಬಿರಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಶಾಮಿಯಾನ, ಹಾರ, ಭಾಷಣ, ಮರುದಿನದ ಪತ್ರಿಕೆಯಲ್ಲಿ ಚಿತ್ರ. ಸಂಘಟಕರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಶಿಬಿರದಲ್ಲಿ ಬಿಳಿ ಮಚ್ಚೆ ಕಂಡ ಹೆಂಗಸಿಗೆ ಚೀಟಿ ಬರೆದುಕೊಟ್ಟು ಮೈಸೂರಿಗೆ ಕಳಿಸಿದರೆ, ಆ ಚೀಟಿ ಗೋಡೆಯ ಗೂಡಿನಲ್ಲಿ ಉಳಿಯುವುದೇ ಹೆಚ್ಚು. ಹಿಂಬಾಲಿಸಿ ಚಿಕಿತ್ಸೆ ಕೊಡಿಸುವ ಏರ್ಪಾಡಿಲ್ಲದೆ ತಪಾಸಣೆ ಮಾಡುವುದಕ್ಕಿಂತ ಮಾಡದಿರುವುದು ಲೇಸೇನೋ ಎನ್ನಿಸುತ್ತದೆ. ಭಯ ಮಾತ್ರ ಕೊಟ್ಟು ಮದ್ದು ಕೊಡದಿದ್ದರೆ ಮುಂದಿನ ಸಲ ಆಕೆಯ ಓರಗಿತ್ತಿಯೂ ಬರುವುದಿಲ್ಲ.

ಸರಳ ವಿಧಾನದಿಂದ ಏನಾಗುತ್ತದೆ ಎಂಬುದಕ್ಕೆ ನೆರೆರಾಜ್ಯದಲ್ಲೇ ಪುರಾವೆ ಇದೆ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಹಳ್ಳಿಗಳಲ್ಲಿ ದಾದಿಯರು ಅಸಿಟಿಕ್ ಆಮ್ಲದ ತಪಾಸಣೆಯನ್ನು ಒಂದೇ ಒಂದು ಸುತ್ತು ನಡೆಸಿ, ಅಗತ್ಯವಿದ್ದವರಿಗೆ ಚಿಕಿತ್ಸೆ ಕೊಟ್ಟರು. ಗರ್ಭಕೊರಳಿನ ಕ್ಯಾನ್ಸರಿನ ಸಾವು ಅಲ್ಲಿ ಶೇ 35ರಷ್ಟು ಇಳಿದುದು 2007ರಲ್ಲಿ ವರದಿಯಾಯಿತು. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ವೈದ್ಯರಲ್ಲದ, ತರಬೇತಿ ಪಡೆದ ಸಾಧಾರಣ ವಿದ್ಯಾಭ್ಯಾಸದ ಮಹಿಳೆಯರಿಂದ ಇದೇ ಕೆಲಸ ಮಾಡಿಸಿದಾಗ ಸಾವು ಶೇ 31ರಷ್ಟು ಇಳಿಯಿತು. ದೂರ ಹೋಗುವುದೇ ಬೇಡ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭಿಸಿದಾಗ, ಸೋಲಿಗರು ಆಸ್ಪತ್ರೆಗೆ ಬರಲೆಂದು ಕಾದು ಕೂರಲಿಲ್ಲ, ಪೋಡುಗಳಿಗೆ ತಾವೇ ಹೋದರು. ಇದೇ ಜಿಲ್ಲೆಯ ಪಾಠ ಇದು.

ನಡುವೆ ಒಂದು ವಿಪರ್ಯಾಸ. ವಿಶ್ವ ಆರೋಗ್ಯ ಸಂಸ್ಥೆ ಗರ್ಭಕೊರಳಿನ ಕ್ಯಾನ್ಸರನ್ನು ತೊಲಗಿಸುವ ಜಾಗತಿಕ ಯೋಜನೆ ಘೋಷಿಸಿದ್ದು 2020ರ ನವೆಂಬರ್ 17ರಂದು, ಕೊರೊನಾದ ನಟ್ಟನಡುವೆ. ಹೆಣ್ಣುಮಕ್ಕಳಲ್ಲಿ ಶೇ 90ರಷ್ಟು ಮಂದಿಗೆ ಹದಿನೈದು ತುಂಬುವುದರೊಳಗೆ ಎಚ್‌ಪಿವಿ ಲಸಿಕೆ, ಹೆಂಗಸರಲ್ಲಿ ಶೇ 70 ಮಂದಿಗೆ 35 ಮತ್ತು 45ರ ವಯಸ್ಸಿನೊಳಗೆ ಎರಡು ಸಲ ತಪಾಸಣೆ, ರೋಗ ಕಂಡವರಲ್ಲಿ ಶೇ 90 ಮಂದಿಗೆ ಚಿಕಿತ್ಸೆ, ಇದೆಲ್ಲ 2030ರೊಳಗೆ. ಭಾರತದಲ್ಲಿ ಈ ಒಂದು ಕ್ಯಾನ್ಸರಿನಿಂದಲೇ 2020ರಲ್ಲಿ ಸುಮಾರು 77 ಸಾವಿರ ಹೆಂಗಸರು ತೀರಿಕೊಂಡರೆಂಬ ಅಂದಾಜಿದೆ. ಲಸಿಕೆ ಮಗಳನ್ನು ಕಾಯಬಲ್ಲದು. ಆದರೆ ಇಂದು ನಲವತ್ತರ ಆಸುಪಾಸಿನಲ್ಲಿರುವ ತಾಯಿಗೆ ಉಳಿದಿರುವ ದಾರಿ ತಪಾಸಣೆಯೊಂದೇ.

ಇನ್ನು ನಿಮ್ಮ ಮನೆಯ ಮಾತು. ಈ ಅಂಕಣ ಓದುತ್ತಿರುವ ನೀವು ಗಂಡಸಾಗಿದ್ದರೆ ಪುಟ ಮಗುಚಬೇಡಿ. ಹೆಂಗಸು ಆಸ್ಪತ್ರೆಗೆ ಹೋಗದಿರುವುದಕ್ಕೆ ನಾಚಿಕೆ ಒಂದು ಕಾರಣ, ಅದಕ್ಕಿಂತ ದೊಡ್ಡ ಕಾರಣ ಮನೆ. ಹಸುವಿನ ಹಾಲು ಕರೆಯುವವರು ಯಾರು, ಮಗಳು ಶಾಲೆಯಿಂದ ಬಂದರೆ ಬಾಗಿಲು ತೆಗೆಯುವವರು ಯಾರು, ಅಂದಿನ ಕೂಲಿ ಹೋದರೆ ಗತಿಯೇನು? ಬಸ್ಸಿನ ಚಾರ್ಜಿನ ನೆಪ ಈಗಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪ್ರಯಾಣ ಉಚಿತ. ಧರ್ಮಸ್ಥಳಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋಗಿಬಂದ ಹಾಗೆ ನಾಲ್ಕೈದು ಮಂದಿ ಅಕ್ಕತಂಗಿಯರು, ವಾರಗಿತ್ತಿಯರು, ಸ್ವಸಹಾಯ ಸಂಘದವರು ಕೂಡಿಕೊಂಡು ಒಂದು ದಿನ ತಾಲ್ಲೂಕು ಆಸ್ಪತ್ರೆಗೆ ಹೋಗಿಬರಬಹುದು. ಜೊತೆಯಿದ್ದರೆ ನಾಚಿಕೆಯೂ ಅರ್ಧವಾಗುತ್ತದೆ. ಚಾಮರಾಜನಗರಕ್ಕೆ 2016ರಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಅದರ ಹೊಸ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿ ರಾಮನಾಥ್ ಕೋವಿಂದ್ ಉದ್ಘಾಟಿಸಿದರು. ಎಲ್ಲದಕ್ಕೂ ಮೈಸೂರಿನ ಕಡೆ ಕೈತೋರಿಸುವ ಅಭ್ಯಾಸವನ್ನು ಜಿಲ್ಲೆಯ ವೈದ್ಯರೂ ಬಿಡಬೇಕು.

ಕೆಲವು ಲಕ್ಷಣಗಳು ಕಂಡರೆ ತಪಾಸಣೆಯ ದಿನಕ್ಕಾಗಿ ಕಾಯಲೇಬಾರದು. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಳ್ಳುವುದು, ಎರಡು ಮುಟ್ಟಿನ ನಡುವೆ ಅಥವಾ ಗಂಡನ ಜೊತೆ ಕೂಡಿದ ಮೇಲೆ ರಕ್ತಸ್ರಾವ, ದುರ್ವಾಸನೆಯ ಬಿಳಿಸೆರಗು, ಎದೆಯಲ್ಲಾಗಲಿ ಕಂಕುಳಲ್ಲಾಗಲಿ ಗಂಟು, ತೊಟ್ಟು ಒಳಕ್ಕೆ ಸೆಳೆದುಕೊಂಡಿರುವುದು, ತೊಟ್ಟಿನಿಂದ ರಕ್ತ ಒಸರುವುದು, ಸ್ತನದ ಚರ್ಮ ಕಿತ್ತಳೆ ಸಿಪ್ಪೆಯಂತೆ ಗುಳಿಬೀಳುವುದು. ಸ್ತನದ ಗಂಟು ಆರಂಭದಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ ಗಂಟೆಂದು ಸುಮ್ಮನಿರುವವರೇ ಬಹಳ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ ಎಂಬುದೂ ನಿಜ. ಅದನ್ನು ಹೇಳಬೇಕಾದವರು ವೈದ್ಯರು, ಪಕ್ಕದ ಮನೆಯವರಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಜೊತೆಯಲ್ಲಿರಲಿ, ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಅಲ್ಲಿಂದಲೇ ಪತ್ರ ಬರೆಸಿಕೊಳ್ಳಿ.

ತಪಾಸಣೆಗೆ ಹೋಗುವವರು ಮುಟ್ಟಿನ ದಿನಗಳನ್ನು ಬಿಟ್ಟು ಹೋಗಬೇಕು. ಹಿಂದಿನ ಎರಡು ದಿನ ಯೋನಿಯೊಳಗೆ ಯಾವ ಔಷಧಿಯನ್ನೂ ಇಡಬಾರದು. ಉಪವಾಸ ಬೇಡ, ರಕ್ತ ತೆಗೆಯುವುದಿಲ್ಲ, ಮತ್ತು ಬರಿಸುವುದಿಲ್ಲ. ನರ್ಸಮ್ಮ ಅಥವಾ ವೈದ್ಯೆ ಪರದೆಯ ಹಿಂದೆ ಮಲಗಿಸಿ, ಅಡುಗೆಯ ವಿನಿಗರ್‌ನಷ್ಟೇ ಸೌಮ್ಯವಾದ ಅಸಿಟಿಕ್ ಆಮ್ಲದ ದ್ರಾವಣವನ್ನು ಹತ್ತಿಯಿಂದ ಗರ್ಭಕೊರಳಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಕೆಟ್ಟ ಜೀವಕೋಶಗಳಿದ್ದರೆ ಅಲ್ಲಿ ಬೆಳ್ಳಗಾಗುತ್ತದೆ, ಇಲ್ಲದಿದ್ದರೆ ಇಲ್ಲ. ಬೆಳ್ಳಗಾದುದೆಲ್ಲ ಕ್ಯಾನ್ಸರ್ ಅಲ್ಲ, ಇನ್ನೊಂದು ಪರೀಕ್ಷೆ ಬೇಕೆಂಬ ಸೂಚನೆಯಷ್ಟೆ. ಸ್ವಲ್ಪ ಉರಿಯಬಹುದು. ಕೆಲವೆಡೆ ಪ್ಯಾಪ್ ಸ್ಮಿಯರ್ ಮಾಡುತ್ತಾರೆ, ಅದರ ಫಲಿತಾಂಶಕ್ಕೆ ಕೆಲವು ದಿನ ಕಾಯಬೇಕು. ಹೆಂಗಸೇ ತಾನಾಗಿ ಮಾದರಿ ತೆಗೆದುಕೊಡಬಹುದಾದ ಎಚ್‌ಪಿವಿ ಪರೀಕ್ಷೆಯನ್ನು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿದೆ. ಅದು ಹಳ್ಳಿಯ ಕೇಂದ್ರಗಳಿಗೂ ಬಂದರೆ ನಾಚಿಕೆಯ ಅಡ್ಡಿ ಬಹುಪಾಲು ತೀರೀತು. ಹೋದವರು ಹಿಂದಿರುಗುವ ಮುನ್ನ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಚೀಟಿಯಲ್ಲಿ ಬರೆಸಿಕೊಂಡು ಬರಲಿ: 'ಮತ್ತೆ ಯಾವಾಗ ಬರಬೇಕು?'